ಗಂಗಾವತಿ ಭಾಗಕ್ಕೆ ಅಣಬೆ ಬೀಜ ಘಟಕ ಹಾಗೂ ಮಾರಾಟ ವ್ಯವಸ್ಥೆ ಕೋರಿ ಮನವಿ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಕೊಪ್ಪಳ

ಇಂದ,
ಗಂಗಾವತಿ, ಕಾರಟಗಿ ತಾಲ್ಲೂಕುಗಳ ಅಣಬೆ ಬೆಳೆಗಾರ ಯುವಕ ಯುವತಿಯರು

ವಿಷಯ: ಅಣಬೆ ಬೇಸಾಯದ ಮೂಲಕ ನಿರುದ್ಯೋಗಿ ಯುವಜನರಿಗೆ ಸ್ಥಳೀಯವಾಗಿ ಉದ್ಯೋಗ ಕಲ್ಪಿಸುವ ಕುರಿತು

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ನಮ್ಮ ಊರುಗಳಲ್ಲಿ ಭತ್ತಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಕೆಲಸಕ್ಕೆ. ಕೊಯ್ಲಿಗೆ ಯಂತ್ರ ಬಂದ ಮೇಲೆ ಹೊಲವಿಲ್ಲದ ಮನೆಯ ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಯಂತ್ರ ಗದ್ದೆಯಲ್ಲೇ ಬಿಟ್ಟುಹೋದ ಹುಲ್ಲಿಗೆ ಎಷ್ಟೋ ಕಡೆ ಬೆಂಕಿ ಬೀಳುತ್ತಿದೆ.

ಅದೇ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಲ್ಲಿ ಬೇಯಿಸಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ, ಬೀಜದ ಜೊತೆ ಪದರ ಪದರವಾಗಿ ಚೀಲಕ್ಕೆ ತುಂಬಿದರೆ ಮೂರು ನಾಲ್ಕು ವಾರಗಳಲ್ಲಿ ಚಿಪ್ಪು ಅಣಬೆ ಕೊಯ್ಲಿಗೆ ಬರುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋಗೂ ಹೆಚ್ಚು ಹಸಿ ಅಣಬೆ ತೆಗೆಯಬಹುದು. ಚಿಪ್ಪು ಅಣಬೆ ತಡೆಯದ ನಮ್ಮ ಬೇಸಿಗೆಗೆ 30ರಿಂದ 35 ಡಿಗ್ರಿ ಶಾಖದಲ್ಲೂ ಬೆಳೆಯುವ ಹಾಲು ಅಣಬೆ ಇದೆ. ಇದಕ್ಕೆಲ್ಲ ಜಮೀನು ಬೇಕಿಲ್ಲ, ಒಂದು ತಂಪಾದ ಕೋಣೆ ಸಾಕು.

ತರಬೇತಿಯನ್ನು ನಾವು ಬೇಡುತ್ತಿಲ್ಲ. ತರಬೇತಿಯ ಪ್ರಮಾಣಪತ್ರಗಳು ನಮ್ಮಲ್ಲಿ ಹಲವರ ಮನೆಯಲ್ಲಿವೆ. ಕೆಲಸ ನಿಂತಿರುವುದು ಬೀಜಕ್ಕೆ ಮತ್ತು ಗಿರಾಕಿಗೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ಒಳ್ಳೆಯದೇ. ಆದರೆ ಅಲ್ಲಿಂದ ಇಲ್ಲಿಗೆ ಒಂದು ರಾತ್ರಿಯ ದಾರಿ. ಬಸ್ಸಿನ ಡಿಕ್ಕಿಯ ಕಾವಿಗೆ ಬೀಜ ಸೊರಗಿದರೆ ಚೀಲದಲ್ಲಿ ಬಿಳಿ ಹಬ್ಬುವ ಮೊದಲೇ ಹಸಿರು ಬೂಸ್ಟು ಹತ್ತುತ್ತದೆ, ಹಾಕಿದ ಹಣ ತಿಪ್ಪೆಗೆ ಹೋಗುತ್ತದೆ. ಆದ್ದರಿಂದ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದ ಸಹಯೋಗದಲ್ಲಿ ಇಲ್ಲಿಯೇ ಒಂದು ಬೀಜ ತಯಾರಿಕಾ ಘಟಕ ತೆರೆಯಬೇಕು, ಅದನ್ನು ನಡೆಸುವ ಕೆಲಸವನ್ನು ತರಬೇತಿ ಪಡೆದ ಸ್ಥಳೀಯ ಯುವಜನರಿಗೇ ವಹಿಸಬೇಕು ಎಂಬುದು ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ.

ಹಸಿ ಅಣಬೆ ಹೊರಗಿಟ್ಟರೆ ಮರುದಿನಕ್ಕೇ ಬಾಡುತ್ತದೆ. ಮಳೆಗಾಲದಲ್ಲಿ ಹುತ್ತದ ಅಣಬೆಗೆ ಮುಗಿಬೀಳುವ ನಮ್ಮ ಜನ ಬೆಳೆದ ಅಣಬೆ ಕಂಡರೆ ಏನೋ ಅನುಮಾನ ಪಡುತ್ತಾರೆ! ಆದ್ದರಿಂದ ಗಂಗಾವತಿ ತರಕಾರಿ ಮಾರುಕಟ್ಟೆಯಲ್ಲಿ ಒಂದು ಮಳಿಗೆ ಮತ್ತು ಸಣ್ಣ ಶೀತಲ ಕೋಣೆ ಒದಗಿಸಬೇಕು. ಆನೆಗೊಂದಿ, ಸಣಾಪುರ, ಹೊಸಪೇಟೆಗಳ ಹೋಟೆಲಿನವರನ್ನು ಒಮ್ಮೆ ನಮ್ಮೊಂದಿಗೆ ಕೂರಿಸಿ ಮಾತಾಡಿಸಿದರೆ ಉಳಿದದ್ದನ್ನು ನಾವೇ ನೋಡಿಕೊಳ್ಳುತ್ತೇವೆ. ಸರ್ಕಾರಿ ವಿದ್ಯಾರ್ಥಿನಿಲಯಗಳ ಊಟಕ್ಕೆ ವಾರಕ್ಕೊಮ್ಮೆ ಖರೀದಿಸುವ ಬಗ್ಗೆಯೂ ಪರಿಶೀಲಿಸಬೇಕು.

ಸಾಲದ ವಿಷಯ. ಪಹಣಿ ಇಲ್ಲದವರ ಅರ್ಜಿ ಬ್ಯಾಂಕಿನ ಮೇಜು ದಾಟುವುದು ಕಷ್ಟ. ಅಣಬೆಯನ್ನು ಒಣಗಿಸಿ, ಪುಡಿ ಮಾಡಿ ಮಾರುವವರಿಗೆ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರ ಸಹಾಯಧನವಿದೆ, ಆದರೆ ಸಹಾಯಧನಕ್ಕೂ ಮೊದಲು ಸಾಲ ಮಂಜೂರಾಗಬೇಕು. ಜಮೀನಿಲ್ಲದವರ ಅರ್ಜಿಗಳನ್ನು ತಿರಸ್ಕರಿಸದಂತೆ ಲೀಡ್ ಬ್ಯಾಂಕಿಗೆ ತಾವು ಸೂಚಿಸಬೇಕು.

ಮುಂದಿನ ಭತ್ತದ ಕೊಯ್ಲಿಗೆ ಮೊದಲು ತೋಟಗಾರಿಕೆ ಇಲಾಖೆ ಮತ್ತು ಬ್ಯಾಂಕ್ ಅಧಿಕಾರಿಗಳ ಜಂಟಿ ಸಭೆ ಕರೆದು, ನಮ್ಮ ಪ್ರತಿನಿಧಿಗಳನ್ನೂ ಆಹ್ವಾನಿಸಿ, ಬೀಜ ಘಟಕದ ಬಗ್ಗೆ ಲಿಖಿತ ತೀರ್ಮಾನ ನೀಡಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಗಂಗಾವತಿ
ಪ್ರತಿ: ಉಪನಿರ್ದೇಶಕರು, ತೋಟಗಾರಿಕೆ ಇಲಾಖೆ, ಕೊಪ್ಪಳ