‘ಫೀಡರ್’ ಎಂದರೆ ಬೈಗುಳವೇ?

ರಾತ್ರಿ ಊಟದ ಹೊತ್ತಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ ಮಗ ‘ನೂಬ್’, ‘ಫೀಡರ್’, ‘ರಿಪೋರ್ಟ್ ಮಾಡ್ರೋ ಅವನನ್ನ’ ಎಂದು ಕೂಗಾಡುವುದು ಮಹಾನಗರದ ಕನ್ನಡಿಗರ ಮನೆಗಳಲ್ಲಿ ಈಗ ಹೊಸತೇನಲ್ಲ. ತಾಯಿ ಊಟಕ್ಕೆ ಕರೆದರೆ ‘ಒಂದು ನಿಮಿಷ ಅಮ್ಮಾ, ಎಎಫ್‌ಕೆ ಆದ್ರೆ ಶಿಕ್ಷೆ ಹಾಕ್ತಾರೆ’ ಎಂಬ ಉತ್ತರ ಬರುತ್ತದೆ. ಆಟದ ನಡುವೆ ಕೀಬೋರ್ಡ್ ಬಿಟ್ಟು ಎದ್ದು ಹೋದವನೇ ಎಎಫ್‌ಕೆ. ಅವನು ಎದ್ದರೆ ಐವರ ತಂಡ ನಾಲ್ವರದ್ದಾಗುತ್ತದೆ, ಅದಕ್ಕೆ ದಂಡನೆಯೂ ಉಂಟು. ಆದ್ದರಿಂದ ಮಗ ಹೇಳಿದ್ದು ನಿಜ. ಆಟ ಮುಕ್ಕಾಲು ಗಂಟೆ ಎಳೆಯಬಹುದಾದ್ದರಿಂದ ‘ಒಂದು ನಿಮಿಷ’ ಎಂಬುದು ಮಾತ್ರ ಸುಳ್ಳು.

ಈ ಮಾತುಗಳೆಲ್ಲ ಬೈಗುಳವೆಂದೇ ಹಿರಿಯರು ತಿಳಿದಿದ್ದಾರೆ. ಹೆಚ್ಚಿನವು ಹುಟ್ಟಿದ್ದು ಹಾಗಲ್ಲ. 2009ರಲ್ಲಿ ಬಂದ ‘ಲೀಗ್ ಆಫ್ ಲೆಜೆಂಡ್ಸ್’, 2013ರಲ್ಲಿ ಬಂದ ‘ಡೋಟಾ 2’ ಮುಂತಾದ ಆಟಗಳಲ್ಲಿ ಐದೈದು ಜನರ ಎರಡು ತಂಡ. ಎದುರಾಳಿಯನ್ನು ಕೆಡವಿದರೆ ಚಿನ್ನವೂ ಅನುಭವದ ಅಂಕವೂ ಸಿಗುತ್ತವೆ. ಚಿನ್ನದಿಂದ ಆಯುಧ ಕೊಂಡು ಬಲಿಯಬೇಕು. ಹಾಗಾಗಿ ನಮ್ಮವನೊಬ್ಬ ಪದೇ ಪದೇ ಸತ್ತರೆ ಪ್ರತಿ ಸಲವೂ ಎದುರಾಳಿಯ ಖಾತೆಗೆ ಜಮೆ! ಎದುರಾಳಿಯನ್ನು ಉಣಿಸಿ ಬೆಳೆಸುವವನು ಎಂಬರ್ಥದಲ್ಲಿ ಅವನಿಗೆ ‘ಫೀಡರ್’ ಎಂದರು. ಲೆಕ್ಕ ಹೇಳುವ ಮಾತು ಅದು, ನಿಂದೆಯಲ್ಲ.

ಇದೇ ಐವರಲ್ಲಿ ಒಬ್ಬ ‘ಕ್ಯಾರಿ’. ಆರಂಭದಲ್ಲಿ ದುರ್ಬಲ, ಚಿನ್ನ ಕೂಡಿದ ಮೇಲೆ ತಂಡವನ್ನೇ ಹೊತ್ತು ಸಾಗಬಲ್ಲವ. ಇನ್ನೊಬ್ಬ ‘ಸಪೋರ್ಟ್’. ಚಿನ್ನವನ್ನು ಕ್ಯಾರಿಗೆ ಬಿಟ್ಟುಕೊಟ್ಟು, ತನ್ನ ಪಾಲಿನ ಅಲ್ಪಸ್ವಲ್ಪದಲ್ಲೇ ಶತ್ರುವಿನ ಸುಳಿವು ತಿಳಿಸುವ ಕಾವಲು ಸಾಧನ ತಂದು ನೆಡುವುದು ಅವನ ಕೆಲಸ. ಕ್ಯಾರಿ ಸಿಕ್ಕಿಬಿದ್ದರೆ ತಾನು ಅಡ್ಡ ನಿಂತು ಸಾಯುವುದೂ ಅವನೇ. ಕೊನೆಯಲ್ಲಿ ಪರದೆಯ ಮೇಲೆ ಕೊಂದದ್ದೆಷ್ಟು, ಸತ್ತದ್ದೆಷ್ಟು ಎಂಬ ಪಟ್ಟಿ ಕಾಣುತ್ತದೆ. ಸಪೋರ್ಟ್ ಆಡಿದವನದು ಕೊಂದದ್ದು 2, ಸತ್ತದ್ದು 12 ಎಂದಿದ್ದರೆ ಸಾಕು, ನಾಲ್ವರೂ ಒಟ್ಟಾಗಿ ‘ಫೀಡರ್’ ಎಂದು ಮುಗಿಬೀಳುತ್ತಾರೆ. ಸಂಘದ ವಾರ್ಷಿಕೋತ್ಸವದಲ್ಲಿ ಕುರ್ಚಿ ಹಾಕಿಸಿ, ಮೈಕಿನವನನ್ನು ಹಿಡಿದು ತಂದು, ಫೋಟೋ ತೆಗೆಯುವ ಹೊತ್ತಿಗೆ ಹಿಂಬದಿಯಲ್ಲಿ ಪಾತ್ರೆ ಎಣಿಸುತ್ತಿರುವ ಕಾರ್ಯಕರ್ತರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ.

ಬೇಕೆಂದೇ ಸತ್ತು ತಂಡವನ್ನು ಸೋಲಿಸುವವರೂ ಇದ್ದಾರೆ, ಅದು ನಿಜವಾದ ಅಪರಾಧ. ಆಟದ ಕಂಪೆನಿಗಳು ಅದಕ್ಕಾಗಿಯೇ ದೂರು ಕೊಡುವ ಗುಂಡಿ ಇಟ್ಟಿವೆ. ಆದರೆ ಕೈ ಪಳಗದವನ ಮೇಲೂ ತ್ಯಾಗ ಮಾಡಿದವನ ಮೇಲೂ ಅದೇ ಗುಂಡಿ ಒತ್ತಿದರೆ? ಕೌಶಲದ ಕೊರತೆಯನ್ನು ಮನಸ್ಸಿನ ಕೇಡು ಎನ್ನುವುದು ಇಲ್ಲಿ ನಡೆಯುತ್ತಿರುವ ಅನ್ಯಾಯ.

‘ನೂಬ್’ ಎಂಬುದೂ ಹೊಸಬ ಎಂಬರ್ಥದ ‘ನ್ಯೂಬಿ’ಯಿಂದ ಬಂದದ್ದು. ವಿಪರ್ಯಾಸವೆಂದರೆ, ಈ ಪದವನ್ನು ಎಸೆಯುವವರಲ್ಲಿ ‘ಸ್ಮರ್ಫ್’ಗಳೂ ಇರುತ್ತಾರೆ. ಪಳಗಿದ ಆಟಗಾರ ಹೊಸ ಹೆಸರಲ್ಲಿ ಖಾತೆ ತೆರೆದು ಹೊಸಬರ ನಡುವೆ ನುಗ್ಗುವುದೇ ಸ್ಮರ್ಫಿಂಗ್. ‘ವಾರ್‌ಕ್ರಾಫ್ಟ್ 2’ ಆಟದ ಕಾಲದಲ್ಲಿ, 1996ರ ಸುಮಾರಿಗೆ, ತಮ್ಮೊಡನೆ ಆಡಲು ಯಾರೂ ಒಪ್ಪದಿದ್ದಾಗ ಇಬ್ಬರು ನುರಿತವರು ನೀಲಿ ಬಣ್ಣದ ಕಾರ್ಟೂನ್ ಸ್ಮರ್ಫ್‌ಗಳ ಹೆಸರಿಟ್ಟುಕೊಂಡು ಬಂದದ್ದರಿಂದ ಈ ಮಾತು ಬಂತು. ಹತ್ತನೇ ತರಗತಿಯವನು ಒಂದನೇ ತರಗತಿಯಲ್ಲಿ ಕುಳಿತು ಮೊದಲ ರ‍್ಯಾಂಕ್ ಪಡೆದಂತೆ.

ಎಲ್ಲಕ್ಕಿಂತ ಹೆಚ್ಚು ಕೆಟ್ಟುಹೋದದ್ದು ಪ್ರಾಯಶಃ ‘ಜಿಜಿ’. ‘ಗುಡ್ ಗೇಮ್’, ಚೆನ್ನಾಗಿ ಆಡಿದೆವು ಎಂಬುದರ ಚುಟುಕು. ಕೊರಿಯಾದ ‘ಸ್ಟಾರ್‌ಕ್ರಾಫ್ಟ್’ ಪಂದ್ಯಗಳಲ್ಲಿ ಸೋತವನೇ ಇದನ್ನು ಬರೆದು, ಸೋಲೊಪ್ಪಿ, ನಿರ್ಗಮಿಸುವ ಸಂಪ್ರದಾಯ ಬೆಳೆಯಿತು. ಕಬಡ್ಡಿ ಮುಗಿದ ಮೇಲೆ ಕೈ ಕುಲುಕಿದ ಹಾಗೆ. ಈಗ ಐದನೇ ನಿಮಿಷದಲ್ಲಿ ಒಬ್ಬ ಸತ್ತರೆ ಅವನದೇ ತಂಡದವನು ‘ಜಿಜಿ’ ಎನ್ನುತ್ತಾನೆ, ‘ನಿನ್ನಿಂದ ಎಲ್ಲ ಮುಗಿಯಿತು’ ಎಂಬರ್ಥದಲ್ಲಿ. ಗೆದ್ದವನು ‘ಜಿಜಿ ಈಝೀ’ ಎಂದು ಹಂಗಿಸುತ್ತಾನೆ. 2016ರಲ್ಲಿ ‘ಓವರ್‌ವಾಚ್’ ಆಟದ ಕಂಪೆನಿ ಒಂದು ಉಪಾಯ ಹೂಡಿತು. ಹಾಗೆ ಬರೆದರೆ ಅದರ ಬದಲು, ಬರೆದವನೇ ತನ್ನನ್ನು ಗೇಲಿ ಮಾಡಿಕೊಂಡಂಥ ವಾಕ್ಯ ಎಲ್ಲರಿಗೂ ಕಾಣುವಂತೆ ಮಾಡಿತು. ಬೈಗುಳವನ್ನು ಅಳಿಸುವುದಕ್ಕಿಂತ ಇದು ಜಾಣತನ.

ಇವೆಲ್ಲ ಸಹಿಸಬಹುದಾದವು. ಆದರೆ ಹೀನಾಯ ಸೋಲಿಗೆ ಅತ್ಯಾಚಾರ ಎಂಬರ್ಥದ ಇಂಗ್ಲಿಷ್ ಪದವನ್ನು ಹುಡುಗರು ನಗುತ್ತಾ ಬಳಸುವುದುಂಟು. ಅದನ್ನು ಕೇಳಿ ಆಟದಲ್ಲಿರುವ ಹುಡುಗಿ ಮೈಕ್ ಮುಚ್ಚಿಕೊಳ್ಳುತ್ತಾಳೆ. ‘ನೂಬ್’ಗೂ ಇದಕ್ಕೂ ಒಂದೇ ಬಗೆಯಲ್ಲಿ ಗದರುವ ತಂದೆಯ ಮಾತನ್ನು ಮಗ ಎರಡಕ್ಕೂ ಕೇಳುವುದಿಲ್ಲ. ಯಾವುದು ಆಟದ ಮಾತು, ಯಾವುದು ಹೊಲಸು ಎಂದು ತಿಳಿದವನು ಮಾತ್ರ ಹೊಲಸನ್ನು ತಡೆಯಬಲ್ಲ. ಹಾಗೆ ನೋಡಿದರೆ, ಕೇರಂ ಬೋರ್ಡಿನ ಸುತ್ತ ಕುಳಿತ ಹಿರಿಯರ ಬಾಯಿಯೇನು ಶುಚಿಯಾಗಿತ್ತೇ!

ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ, ಥ್ರೋಬಾಲ್‌ಗಳ ಜೊತೆ ಇಂಥದೊಂದು ಪಂದ್ಯವನ್ನೂ ಇಡಿ ಎಂದು ಯುವ ವಿಭಾಗ ಕೇಳಿದರೆ ಪದಾಧಿಕಾರಿಗಳು ಮೂಗು ಮುರಿಯದೆ ಒಪ್ಪಬೇಕು. ಯಾವ ಮಾತಿಗೆ ಪಂದ್ಯದಿಂದ ಹೊರಗೆ ಎಂಬುದನ್ನು ಪ್ರವೇಶ ಪತ್ರದಲ್ಲೇ ಅಚ್ಚು ಹಾಕಿಸಲಿ. ಹೆಚ್ಚು ಕೆಡವಿದವನಿಗೆ ಟ್ರೋಫಿ ಇದ್ದೇ ಇರುತ್ತದೆ. ಚಿನ್ನ ಬಿಟ್ಟುಕೊಟ್ಟು ಹನ್ನೆರಡು ಸಲ ಸತ್ತ ಸಪೋರ್ಟ್ ಆಟಗಾರನಿಗೂ ಒಂದು ಬಹುಮಾನ ಇರಲಿ. ಅದರ ಖರ್ಚು ಅತಿಥಿಗಳ ಒಂದು ಶಾಲು-ಹಾರಕ್ಕಿಂತ ಹೆಚ್ಚಾಗದು.