ದುಡಿಸಿದ ಗಂಟೆಗೆ ಲೆಕ್ಕ ಬೇಡವೇ?

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಸುದ್ದಿಯಾಯಿತು. ಭಾನುವಾರವೂ ದುಡಿಸಲು ಆಗುತ್ತಿಲ್ಲವಲ್ಲ ಎಂಬ ಬೇಸರ ಅವರದು.

ಈ ಎರಡು ಮಾತುಗಳ ನಡುವೆ, 2024ರ ಜುಲೈಯಲ್ಲಿ, ಪುಣೆಯಲ್ಲೊಂದು ಸಾವಾಯಿತು. ಇವೈ ಸಮೂಹದಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಲೆಕ್ಕಪರಿಶೋಧಕಿ ತೀರಿಕೊಂಡರು. ಕೆಲಸದ ಹೊರೆಯೇ ಕಾರಣ ಅಂತ ತಾಯಿ ಪತ್ರ ಬರೆದರು. ಕಂಪನಿ ಒಪ್ಪಲಿಲ್ಲ. ಆದರೆ ಕಾರ್ಮಿಕ ಅಧಿಕಾರಿಗಳು ಕಚೇರಿಗೆ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿಯೇ ಇಲ್ಲದೆ ಆ ಕಚೇರಿ 2007ರಿಂದ ನಡೆಯುತ್ತಿತ್ತು!

ನಮ್ಮ ಪೇಟೆಯಲ್ಲಿ ಸಣ್ಣ ಜವಳಿ ಅಂಗಡಿ ಇಟ್ಟವರೂ ಈ ನೋಂದಣಿ ಮಾಡಿಸಬೇಕು. ಕರ್ನಾಟಕದ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಸಂಬಳ ಅಂತ ಅದರಲ್ಲಿ ಉಂಟು. ಬೆಂಗಳೂರಿನ ದೊಡ್ಡ ಕಚೇರಿಗೂ ಇದೇ ಕಾನೂನು. ಆದರೆ ಲ್ಯಾಪ್‌ಟಾಪ್ ಮನೆಗೇ ಬಂದ ಮೇಲೆ ಗಂಟೆ ಎಣಿಸುವವರು ಯಾರು?

ದೊಡ್ಡ ಕಂಪನಿಗಳು ನೀತಿಸಂಹಿತೆ ಬರೆದು ಗೋಡೆಗೆ ತೂಗುಹಾಕುತ್ತವೆ. ಮೊದಲ ನೀತಿ ಇರುವುದು ಹಾಜರಿ ಪುಸ್ತಕದಲ್ಲಿ.

ಕೆಲಸ ಸಿಕ್ಕಿದ ಮಕ್ಕಳಲ್ಲಿ ನಾವು ಸಂಬಳ ಎಷ್ಟು ಅಂತ ಮಾತ್ರ ಕೇಳ್ತೇವೆ. ಗಂಟೆ ಎಷ್ಟು, ಓವರ್‌ಟೈಮ್ ಕೊಡ್ತಾರಾ, ರಾತ್ರಿ ನಿದ್ದೆ ಉಂಟಾ ಅಂತಲೂ ಕೇಳೋಣ. ದುಡಿಮೆಗೆ ನಾವು ಹೆದರುವವರಲ್ಲ. ದುಡಿದದ್ದಕ್ಕೆ ಲೆಕ್ಕ ಕೇಳುವುದು ಸೋಮಾರಿತನವೂ ಅಲ್ಲ.