ಬಾರ್ಸಿಲೋನಾದಲ್ಲಿ ಎರಡು ದಿನ, ಒಂದು ಜಗಳ

ಎರಡು ದಿನ ಒಂದು ಊರಿನಲ್ಲಿದ್ದು ಬಂದು ಅದರ ಬಗ್ಗೆ ಪುಟಗಟ್ಟಲೆ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಗಾಗಿ ಬಾರ್ಸಿಲೋನಾದ ಕಡಲತೀರ, ಫುಟ್‌ಬಾಲ್ ಮೈದಾನ ಇತ್ಯಾದಿಗಳ ವರ್ಣನೆ ಇಲ್ಲಿಲ್ಲ. ಆ ಊರಿನ ಬೀದಿಗಳಲ್ಲಿ ನನಗೂ ನನ್ನ ಮಿತ್ರನಿಗೂ ಶನಿವಾರ ಬೆಳಿಗ್ಗೆ ಹತ್ತಿಕೊಂಡು ಭಾನುವಾರ ರಾತ್ರಿಯವರೆಗೆ ಆರದೇ ಇದ್ದ ಜಗಳದ ಬಗ್ಗೆ ಮಾತ್ರ ಬರೆಯುತ್ತೇನೆ. ಜಗಳ ನಮ್ಮಿಬ್ಬರದಾದರೂ ಅದರ ಬಾಬತ್ತು ನಿಮ್ಮದು, ಅಂದರೆ ಕರ್ನಾಟಕದಲ್ಲೇ ಇರುವ ಕನ್ನಡಿಗರದು.

ನಾವಿಬ್ಬರೂ ಬ್ಯಾಂಕಿನಲ್ಲಿ ಒಂದೇ ಬ್ಯಾಚಿನವರು. ನಾನು ಸಾಗರದ ಕಡೆಯವನು, ಅವನು ಧಾರವಾಡದವನು. ನೌಕರಿಯ ದೆಸೆಯಿಂದ ನಾನು ಡೊಂಬಿವಲಿಯಲ್ಲಿ, ಅವನು ಪುಣೆಯಲ್ಲಿ ನೆಲೆನಿಂತು ಮೂರು ದಶಕಗಳ ಮೇಲಾಯಿತು. 2024ರ ಅಕ್ಟೋಬರಿನಲ್ಲಿ ನಾನು ಫ್ರಾಂಕ್‌ಫರ್ಟಿನಲ್ಲಿ ಮಗನ ಮನೆಯಲ್ಲಿದ್ದೆ, ಅವನು ಪ್ಯಾರಿಸಿನಲ್ಲಿ ಮಗಳ ಮನೆಯಲ್ಲಿದ್ದ. ಮಕ್ಕಳೇ ಸೇರಿ ಟಿಕೆಟು ತೆಗೆಸಿ, ಎರಡು ದಿನ ತಿರುಗಾಡಿಕೊಂಡು ಬನ್ನಿ ಎಂದು ನಮ್ಮನ್ನು ಸ್ಪೇನಿಗೆ ಕಳಿಸಿದರು. (ಅವರಿಗೂ ಎರಡು ದಿನ ನೆಮ್ಮದಿ ಬೇಕಾಗಿತ್ತೆಂದು ನನ್ನ ಅನುಮಾನ.)

ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಬೋರ್ಡುಗಳಲ್ಲಿ ಮೊದಲು ಕೆಟಲನ್ ಭಾಷೆ, ಸ್ಪ್ಯಾನಿಷ್ ಆಮೇಲೆ. ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವುದೂ ಕೆಟಲನ್‌ನಲ್ಲಿ. ಬೀದಿಯ ಹೆಸರುಗಳೂ ಅದರಲ್ಲೇ. ಮಿತ್ರ ಹಿಗ್ಗಿಹೋದ. "ನೋಡಪಾ, ಬೋರ್ಡ್ ಹ್ಯಾಂಗದಾವ! ಸ್ಪೇನಿನೊಳಗಿದ್ರೂ ಮೊದಲ ತಮ್ಮ ಭಾಷಾ. ಕಾನೂನು ಅಂದ್ರ ಹಿಂಗಿರಬೇಕು. ನಮ್ಮಲ್ಲೂ ಬಂದವರಿಗೆ ಬಡಿಗಿ ಹಿಡದ ಕಲಸಬೇಕು" ಎಂದ.

"ಪುಣೆಯಲ್ಲಿ ನಿನಗೆ ಬಡಿಗೆ ಹಿಡಿದು ಮರಾಠಿ ಕಲಿಸಿದವರು ಯಾರೋ?" ಎಂದು ಕೇಳಿದೆ. ಅಲ್ಲಿಂದ ಹತ್ತಿಕೊಂಡಿತು.

ಆ ಜನ ತಮ್ಮ ಭಾಷೆಗಾಗಿ ಪಟ್ಟ ಪಾಡು ಸಣ್ಣದಲ್ಲ, ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಗ್ರಾದಾ ಫಮೀಲಿಯಾ ಎಂಬ ಆ ದೈತ್ಯ ಚರ್ಚಿನ ಕೆಲಸ ಆರಂಭವಾದದ್ದು 1882ರಲ್ಲಿ. ಅದರ ಶಿಲ್ಪಿ ಗೌಡಿಯನ್ನು 1924ರಲ್ಲಿ ಪೊಲೀಸರು ತಡೆದು ಮಾತನಾಡಿಸಿದಾಗ ಆತ ಸ್ಪ್ಯಾನಿಷ್ ಆಡಲು ಒಪ್ಪದೆ ಕೆಟಲನ್‌ನಲ್ಲೇ ಉತ್ತರ ಕೊಟ್ಟ. ಕೆಲವು ಗಂಟೆ ಲಾಕಪ್ಪಿನಲ್ಲಿ ಕೂತು, ದಂಡ ತೆತ್ತು ಹೊರಬಂದ. ಆಗವನಿಗೆ ಎಪ್ಪತ್ತೆರಡು ವರ್ಷ. ಅವನ ಸಮಾಧಿ ಇರುವುದೂ ಆ ಚರ್ಚಿನ ನೆಲಮಾಳಿಗೆಯಲ್ಲೇ. 1939ರಿಂದ 1975ರಲ್ಲಿ ಸಾಯುವವರೆಗೆ ಇಡೀ ಸ್ಪೇನನ್ನಾಳಿದ ಫ್ರಾಂಕೋ ಶಾಲೆಯಿಂದ, ಕಚೇರಿಯಿಂದ ಈ ಭಾಷೆಯನ್ನು ಹೊರಗೆ ಹಾಕಿದ್ದ. ಭಾಷೆ ಉಳಿದದ್ದು ಅಡುಗೆಮನೆಯಲ್ಲಿ. ಬೋರ್ಡು ಆಗ ಒಂದೂ ಇರಲಿಲ್ಲ! 1983ರಲ್ಲಿ ಅವರದೇ ಶಾಸನಸಭೆ ಭಾಷಾ ಕಾಯ್ದೆ ಮಾಡಿ ಅದನ್ನು ಮರಳಿ ಶಾಲೆಗೆ ತಂದಿತು. 1998ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಂಗಡಿಯ ಬೋರ್ಡುಗಳ ಸಂಗತಿಯೂ ಅದರಲ್ಲಿದೆ.

ಸರಿ, ಫಲವೇನು? ನಾನು ಕಾಮರ್ಸ್ ಓದಿದವನು, ಅಂಕಿ ನೋಡದೆ ಮಾತಾಡಲಾರೆ. ಅಲ್ಲಿನ ಸರ್ಕಾರವೇ ಐದು ವರ್ಷಕ್ಕೊಮ್ಮೆ ಭಾಷಾ ಸಮೀಕ್ಷೆ ಮಾಡಿಸುತ್ತದೆ. ದಿನನಿತ್ಯ ಹೆಚ್ಚಾಗಿ ಕೆಟಲನ್ ಬಳಸುವವರು 2003ರಲ್ಲಿ ನೂರಕ್ಕೆ 46 ಇದ್ದರು, 2023ರಲ್ಲಿ 32.6ಕ್ಕೆ ಇಳಿದರು. ಆದರೆ ಮಾತನಾಡಬಲ್ಲವರು ನೂರಕ್ಕೆ ಎಂಬತ್ತರಷ್ಟಿದ್ದಾರೆ! ಬ್ಯಾಂಕಿನವರು ಇದನ್ನು ಡಾರ್ಮಂಟ್ ಅಕೌಂಟ್ ಎನ್ನುತ್ತೇವೆ. ಹಣ ಇದೆ, ವಹಿವಾಟಿಲ್ಲ. ಬೋರ್ಡು ಒಂದೂ ಕೆಳಗಿಳಿಯಲಿಲ್ಲ, ಮಾತು ಇಳಿಯಿತು. ಹೊರಗಿನಿಂದ ಲಕ್ಷಗಟ್ಟಲೆ ಜನ ಬಂದದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ಅಲ್ಲಿಯವರೇ ಹೇಳಿಕೊಂಡು ಮರುಗುತ್ತಾರೆ: ಎದುರಿಗೆ ಹೊಸಬನ ಮುಖ ಕಂಡರೆ ಸಾಕು, ಕೆಟಲನ್ ಮಾತಾಡುವವನು ತಾನಾಗಿಯೇ ಸ್ಪ್ಯಾನಿಷಿಗೆ ಹೊರಳಿಬಿಡುತ್ತಾನೆ. ಇದು ಎಲ್ಲೋ ಕೇಳಿದ ಹಾಗಿದೆಯಲ್ಲವೇ?

ಶನಿವಾರ ರಾತ್ರಿ ಮೊಸರು, ಬಾಳೆಹಣ್ಣು ಹುಡುಕಿಕೊಂಡು ರವಾಲ್ ಎಂಬ ಹಳೆಯ ಪೇಟೆಗೆ ಹೋದೆವು. (ಸಸ್ಯಾಹಾರಿಗಳಾದ ನಮಗೆ ಟೊಮೆಟೊ ಉಜ್ಜಿದ ಬ್ರೆಡ್ಡು, ಸುಟ್ಟ ಬದನೆಕಾಯಿ ಮತ್ತು ದೊಣ್ಣೆಮೆಣಸಿನಕಾಯಿಯ ಒಂದು ಪದಾರ್ಥ ಇವೆರಡೇ ಗತಿಯಾಗಿದ್ದವು. ಬದನೆಕಾಯಿಯದು ಮಾತ್ರ ನಮ್ಮ ಗೊಜ್ಜಿನ ದಾಯಾದಿ.) ಅಂಗಡಿಯವನು ಪಾಕಿಸ್ತಾನದ ಪಂಜಾಬಿನ ಹುಡುಗ. ನಮ್ಮೊಡನೆ ಉರ್ದು, ಪಕ್ಕದ ಅಜ್ಜಿಯೊಡನೆ ಕೆಟಲನ್. ಹೇಗೆ ಕಲಿತೆ ಎಂದು ಕೇಳಿದೆ. ಇರುವಿಕೆಯ ಕಾಗದಕ್ಕೆ ಭಾಷೆಯ ಸರ್ಟಿಫಿಕೇಟು ಉಪಯೋಗಕ್ಕೆ ಬರುತ್ತದೆಂದು ಸಂಜೆಯ ಕ್ಲಾಸಿಗೆ ಸೇರಿದನಂತೆ. ಫೀಸಿಲ್ಲ. ಆಮೇಲೆ ಅಲ್ಲಿಯ ಒಬ್ಬ ಮುದುಕ ವಾರಕ್ಕೊಂದು ಗಂಟೆ ಕಾಫಿ ಅಂಗಡಿಯಲ್ಲಿ ಕೂರಿಸಿಕೊಂಡು ಮಾತಾಡಿದನಂತೆ. ಹತ್ತು ವಾರ. "ಒಂದು ಸಲವೂ ಸ್ಪ್ಯಾನಿಷಿಗೆ ಹೊರಳಲಿಲ್ಲ, ಸಾಹೇಬ್. ನನಗೆ ಬೆವರು ಬರುತ್ತಿತ್ತು" ಎಂದು ನಕ್ಕ. ಉಳಿದ ಗಿರಾಕಿಗಳು? ಹೆಚ್ಚಿನವರು ತನ್ನ ಮುಖ ನೋಡಿ ಸ್ಪ್ಯಾನಿಷಿನಲ್ಲೇ ಕೇಳುತ್ತಾರೆ ಎಂದ.

ಆ ಮುದುಕ ಮಾಡಿದ್ದು 2003ರಿಂದ ನಡೆದಿರುವ ಒಂದು ಯೋಜನೆಯ ಕೆಲಸ. ಭಾಷೆ ಬಲ್ಲ ಸ್ವಯಂಸೇವಕ ಒಬ್ಬ, ಕಲಿಯುವವ ಒಬ್ಬ, ಹತ್ತು ಗಂಟೆಯ ಮಾತು. ವಯಸ್ಕರಿಗೆ ಭಾಷೆ ಕಲಿಸಲೆಂದೇ ಸರ್ಕಾರ, ನಗರಸಭೆಗಳು ಸೇರಿ 1989ರಲ್ಲಿ ಒಂದು ಸಂಸ್ಥೆ ಕಟ್ಟಿವೆ. ಹೊಸದಾಗಿ ಬಂದವರನ್ನು ಬರಮಾಡಿಕೊಳ್ಳುವುದಕ್ಕೇ 2010ರಲ್ಲಿ ಕಾನೂನು ಮಾಡಿದ್ದಾರೆ. ಬೋರ್ಡಿನ ಫೋಟೋ ತೆಗೆದು ಊರಿಗೆ ಕಳಿಸುವ ನಮ್ಮವರು ಇದನ್ನೇಕೆ ಹೇಳುವುದಿಲ್ಲ?

ಮಿತ್ರ ಬಿಡುವವನಲ್ಲ. "ಅಂವಗ ಕಾಗದ ಬೇಕಾಗಿತ್ತು, ಅದಕ್ಕ ಕಲ್ತ. ಅದೂ ಬಡಿಗೀನ ಅಲ್ಲೇನು?" ಎಂದ. ಮಾತಿನಲ್ಲಿ ಹುರುಳಿದೆ. ಆದರೆ ಬಡಿಗೆ ಅವನನ್ನು ಕ್ಲಾಸಿನ ಬಾಗಿಲ ತನಕ ತಂದಿತು. ಬಾಗಿಲು ತೆರೆದಿತ್ತು, ಒಳಗೆ ಕಲಿಸುವವರಿದ್ದರು. ನಮ್ಮಲ್ಲಿ?

ನಾನು ಮರಾಠಿ ಕಲಿತ ಬಗೆ ಕೇಳಿ. 1983ರಲ್ಲಿ ಕರಾಡದ ಹತ್ತಿರದ ಒಂದು ಶಾಖೆಗೆ ಹಾಕಿದರು. ಕಬ್ಬಿನ ಸಾಲಕ್ಕೆ ಬರುವ ರೈತರು. ನಾನು ಹಿಂದಿ ಶುರುಮಾಡಿದರೆ ಅವರು ಮರಾಠಿಯಲ್ಲೇ, ನಿಧಾನವಾಗಿ, ಬೇಕಿದ್ದರೆ ಎರಡು ಸಲ ಹೇಳುತ್ತಿದ್ದರು. ನನ್ನನ್ನು ಯಾರೂ ಬಯ್ಯಲಿಲ್ಲ, ಯಾರೂ ಹಿಂದಿಗೂ ಹೊರಳಲಿಲ್ಲ. ಸಂಜೆ ಕ್ಯಾಷ್ ಟ್ಯಾಲಿ ಆದ ಮೇಲೆ ಹೆಡ್ ಕ್ಯಾಷಿಯರು ಆ ದಿನದ ನನ್ನ ತಪ್ಪುಗಳನ್ನು ತಿದ್ದುತ್ತಿದ್ದರು. ಆರು ತಿಂಗಳಲ್ಲಿ ಮರಾಠಿಯಲ್ಲಿ ಜಗಳವಾಡುವಷ್ಟು ಕಲಿತೆ. ಇನ್ನು ಮುಂಬಯಿಗೆ ಬಂದ ನಮ್ಮ ಕರಾವಳಿಯ ಹೋಟೆಲು ಹುಡುಗರು ಹಗಲು ಕಪ್ಪು ತೊಳೆದು ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದದ್ದು ನಿಮಗೆಲ್ಲ ಗೊತ್ತಿರುವ ಕಥೆ. ಆ ಶಾಲೆಗಳನ್ನು ನಡೆಸಿದವರು ಕನ್ನಡಿಗರೇ. ದುಡಿಯಲು ಬಂದವನಿಗೆ ಸಂಜೆ ಹೊತ್ತು ಅಕ್ಷರ ಕಲಿಸುವುದು ನಮಗೆ ತಿಳಿಯದ ವಿದ್ಯೆಯಲ್ಲ.

ಬೆಂಗಳೂರಿನಲ್ಲಿ ಏನಾಗಿದೆ? ದರ್ಶಿನಿಗೆ ಹೋಗಿ "ಎರಡು ಇಡ್ಲಿ" ಎಂದರೆ ಹುಡುಗನಿಂದ ಹಿಂದಿ ಉತ್ತರ. ಅವನು ಒಡಿಶಾದವನು, ಪಾಪ. ಗಲ್ಲೆಯ ಮೇಲೆ ಕೂತ ಅಚ್ಚ ಕನ್ನಡಿಗ ಮಾಲೀಕ ಅವನನ್ನು ಕೂಗುವುದೂ ಹಿಂದಿಯಲ್ಲೇ. ಕಲಿಯುವುದಾದರೂ ಯಾರಿಂದ? 2023ರ ಡಿಸೆಂಬರಿನಲ್ಲಿ ಬೋರ್ಡು ಒಡೆದು ರಂಪವಾಯಿತು, ಮರುವರ್ಷ ಶೇಕಡ 60 ಕನ್ನಡವಿರಬೇಕೆಂದು ಕಾಯ್ದೆಯ ತಿದ್ದುಪಡಿಯೂ ಆಯಿತು. ಆಗಲಿ, ಬೇಡವೆನ್ನುವವನು ನಾನಲ್ಲ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಬ್ಯಾಂಕೊಂದರ ಅಧಿಕಾರಿ ಕನ್ನಡ ಮಾತಾಡುವುದಿಲ್ಲ ಎಂದಾಗ ನನಗೂ ಮೈ ಉರಿಯಿತು. ಕೌಂಟರಿನಲ್ಲಿ ಕೂತು ಸಂಬಳ ತೆಗೆದುಕೊಳ್ಳುವವನಿಗೆ ಗಿರಾಕಿಯ ಭಾಷೆ ಬಾರದಿದ್ದರೆ ಬಡಿಗೆಯೇ ಸರಿ. ಆದರೆ ಇಟ್ಟಿಗೆ ಹೊರುವವನು, ಸೆಕ್ಯುರಿಟಿಯವನು, ಕಂಪ್ಯೂಟರಿನ ಹುಡುಗಿ? ಪ್ರಾಧಿಕಾರದ ಕಲಿಕಾ ಕೇಂದ್ರಗಳಿವೆ, ಉತ್ಸಾಹಿಗಳು ತಾವಾಗಿ ಕಲಿಸುವುದೂ ಉಂಟು. 2011ರ ಜನಗಣತಿಯಲ್ಲಿ ನಾವು ನಾಲ್ಕು ಕೋಟಿ ಮೂವತ್ತೇಳು ಲಕ್ಷ ಕನ್ನಡಿಗರು. ಕಲಿಸುವ ಕೆಲಸವನ್ನು ಪ್ರಾಧಿಕಾರದ ಮೇಲೆ ಹಾಕಿ, ಬಯ್ಯುವ ಕೆಲಸವನ್ನು ಮಾತ್ರ ನಾವೆಲ್ಲ ಇಟ್ಟುಕೊಂಡಿದ್ದೇವೆ. ಅದನ್ನಾದರೂ ಕನ್ನಡದಲ್ಲಿ ಮಾಡುತ್ತೇವೆಯೇ? "ಕನ್ನಡ್ ಮೇ ಬಾತ್ ಕರೋ" ಎಂದು ಒಬ್ಬ ಮಹಾಶಯ ಮೆಜೆಸ್ಟಿಕ್‌ನಲ್ಲಿ ಗದರಿಸುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಬಾರ್ಸಿಲೋನಾದ ಗೋಡೆಗಳ ಮೇಲೆ 'ಟೂರಿಸ್ಟ್ ಗೋ ಹೋಮ್' ಎಂದು ಬರೆದಿರುವುದೂ ಇಂಗ್ಲಿಷಿನಲ್ಲಿಯೇ. 2024ರ ಜುಲೈನಲ್ಲಿ, ಪ್ರವಾಸಿಗರಿಂದಾಗಿ ಮನೆಬಾಡಿಗೆ ಏರಿತೆಂದು ಸಿಟ್ಟಾದ ಜನ ಹೋಟೆಲುಗಳ ಮುಂದೆ ಕೂತವರ ಮೇಲೆ ಆಟಿಕೆಯ ಪಿಸ್ತೂಲಿನಿಂದ ನೀರು ಹಾರಿಸಿದ್ದರು. ನಮ್ಮ ಮೇಲೆ ಹನಿ ನೀರೂ ಬೀಳಲಿಲ್ಲ. ಎರಡು ದಿನದ ಅತಿಥಿಗಳು, ಕನ್ನಡದಲ್ಲಿ ಕೂಗಾಡುತ್ತ ನಡೆಯುವ ಇಬ್ಬರು ಮುದುಕರು ಎಂದು ಬಿಟ್ಟರೋ ಏನೋ. ಮಿತ್ರ ಕೊನೆಯವರೆಗೂ ಒಪ್ಪಲಿಲ್ಲ. ಬೋರ್ಡು ಮೊದಲು ಎನ್ನುತ್ತಲೇ ಪ್ಯಾರಿಸಿನ ವಿಮಾನ ಹತ್ತಿದ.

ಈಗ ನಿಮ್ಮನ್ನು ಕೇಳುತ್ತೇನೆ. ಜಯನಗರ, ಮಲ್ಲೇಶ್ವರದ ಪಾರ್ಕುಗಳಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತು ಕನ್ನಡದ ಗತಿಯೇನೆಂದು ಮರುಗುವ, ನನ್ನ ವಯಸ್ಸಿನ ಪೆನ್ಷನ್‌ದಾರರು ಎಷ್ಟಿಲ್ಲ? ವಾರಕ್ಕೊಂದು ಗಂಟೆಯ ಮಾತು, ಹತ್ತು ವಾರ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿರುವ ಅಸ್ಸಾಮಿನ ಆ ಹುಡುಗನಿಗೆ ಇವತ್ತು ಬೆಳಿಗ್ಗೆ ಗೇಟು ತೆಗೆ ಎಂದು ಯಾವ ಭಾಷೆಯಲ್ಲಿ ಹೇಳಿದಿರಿ?